ಅಟ್ಟದ ಮೇಲಿನ ಲಾರಿ ಟ್ಯೂಬು

ನಮ್ಮ ಮನೆಯ ಅಟ್ಟದ ಮೇಲೆ ಲಾರಿ ಚಕ್ರದ ಒಂದು ಟ್ಯೂಬಿದೆ. ನಮಗೆ ಲಾರಿ ಇಲ್ಲ. ಲಾರಿ ಹಾಗಿರಲಿ, ನಮ್ಮವರ ಹಳೆಯ ಲೂನಾ ಮಾರಿದ ಮೇಲೆ ಗಾಳಿ ತುಂಬಿಸಬೇಕಾದ ಯಾವ ವಸ್ತುವೂ ಮನೆಯಲ್ಲಿ ಉಳಿದಿಲ್ಲ. ಪ್ರತಿ ದೀಪಾವಳಿಗೆ ಅಟ್ಟ ಗುಡಿಸುವಾಗ ಟ್ಯೂಬು ಕೆಳಗಿಳಿಯುತ್ತದೆ. ಯಾರಾದರೊಬ್ಬರು "ಇದನ್ಯಾಕ ಇಟ್ಕೊಂಡೀರಿ?" ಎಂದು ಕೇಳುತ್ತಾರೆ. ನಾನು ಒದ್ದೆ ಬಟ್ಟೆಯಿಂದ ಒರೆಸಿ ಮತ್ತೆ ಮೇಲಿಡುತ್ತೇನೆ. ಹಳೆ ಸಾಮಾನಿನವನು ಓಣಿಯಲ್ಲಿ ಕೂಗುತ್ತ ಬಂದಾಗ ನಮ್ಮವರು ಅಟ್ಟದ ಕಡೆ ಒಮ್ಮೆ, ನನ್ನ ಮುಖದ ಕಡೆ ಒಮ್ಮೆ ನೋಡಿ, ಹರಿದ ಚಪ್ಪಲಿಯನ್ನಷ್ಟೇ ಕೊಟ್ಟು ಬರುತ್ತಾರೆ.

ಈ ಟ್ಯೂಬು ಕೊಂಡದ್ದು ದೋಣಿ ಪ್ರಯಾಣಕ್ಕೆ. ನಲ್ಲಮಲ ಗುಡ್ಡಗಳ ನಡುವೆ ಕೃಷ್ಣೆಯನ್ನು ಕಟ್ಟಿ ನಿಲ್ಲಿಸಿದ್ದಾರಲ್ಲ, ಶ್ರೀಶೈಲದ ಆ ದೊಡ್ಡ ನೀರು, ಅದರ ಮೇಲೆ ಹೋಗಿಬರುವುದಕ್ಕೆ. ಸೋಮಶಿಲೆಯ ಘಾಟಿನಿಂದ ಇಂಜಿನ್ ದೋಣಿ ಹೊರಡುತ್ತದೆ. ಎರಡೂ ಕಡೆ ಗುಡ್ಡ, ಗುಡ್ಡದ ಮೇಲೆ ಕಾಡು, ನಡುವೆ ದಡ ಕಾಣದಷ್ಟು ನೀರು. ಹೋಗಿ ಬಂದವರು ಬಾಯಿ ತುಂಬ ಹೊಗಳುತ್ತಾರೆ. ನಾವು ಮಾತ್ರ ಅದರ ತಯಾರಿಯಲ್ಲೇ ಎಷ್ಟು ವರ್ಷ ಕಳೆದೆವೆಂದರೆ, ಓಣಿಯವರು ಎದುರಾದಾಗ "ಊಟ ಆತೇನ್ರಿ?" ಅನ್ನುವುದನ್ನು ಬಿಟ್ಟು "ದೋಣಿ ಹೊಂಟಿತೇನ್ರಿ?" ಅನ್ನತೊಡಗಿದ್ದರು.

ತೆಲಂಗಾಣದ ಗಡಿಯೂರು ಮಕ್ತಲದ ನಮ್ಮ ಮನೆತನಕ್ಕೂ ನೀರಿಗೂ ದೂರದ ನೆಂಟು. ಕೃಷ್ಣೆ ಹತ್ತಿರದಲ್ಲೇ ಹರಿದರೂ ಅದು ರಾಯಚೂರಿಗೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಕಾಸು ಎಸೆದು ಕೈಮುಗಿಯುವ ನದಿ, ಅಷ್ಟೆ. ನಮ್ಮ ಮಾವ ಮದುವೆಗಳಿಗೆ ಪಾತ್ರೆ, ಶಾಮಿಯಾನ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದರು. ಆನೆ ಮುಳುಗುವಂಥ ಹಂಡೆಗಳ ಮಾಲೀಕರಾದ ಅವರು ಸ್ನಾನಕ್ಕೆ ಎರಡು ತಂಬಿಗೆ ನೀರಿಗಿಂತ ಹೆಚ್ಚು ಹಾಕಿಕೊಂಡವರಲ್ಲ. ಮೂರನೆಯ ತಂಬಿಗೆಗೆ ಉಸಿರು ಕಟ್ಟುತ್ತದೆ ಅನ್ನುತ್ತಿದ್ದರು.

ನೀರಿನವರು ನಮ್ಮ ಅತ್ತೆ. ಅವರ ಹೆಸರು ಶರಣಮ್ಮ. ಹುಟ್ಟಿದೂರು ಬಿಲ್ವಾಪುರ, ಅಲಂಪುರದ ಆಚೆ, ಹೊಳೆದಂಡೆಯ ಹಳ್ಳಿ. ಒಣಗಿದ ಸೋರೆಬುರುಡೆ ಬೆನ್ನಿಗೆ ಕಟ್ಟಿಕೊಂಡು ಈಜು ಕಲಿತವರು; ತುಂಬಿದ ಹೊಳೆಯಲ್ಲಿ ಪುಟ್ಟಿಯೊಳಗೆ, ಅಂದರೆ ಆ ಕಡೆಯ ಹರಿಗೋಲಿನೊಳಗೆ, ಕುಳಿತು ಬೀಗರ ಊರಿಗೆ ಹೋಗಿ ಬಂದವರು. ಆ ಊರು ಈಗ ಇಲ್ಲ. ಶ್ರೀಶೈಲದ ಕಟ್ಟೆಯ ನೀರು ಹಿಂದೆ ಹಿಂದೆ ಬಂದು ಅದನ್ನು ತೆಗೆದುಕೊಂಡಿತು.

ಊರು ಬಿಡುವ ವರ್ಷ ಅತ್ತೆ ಚೊಚ್ಚಲ ಮಗನನ್ನು, ಎಂದರೆ ನಮ್ಮವರನ್ನು, ಬಗಲಲ್ಲಿ ಎತ್ತಿಕೊಂಡು ತವರನ್ನು ಕೊನೆಯ ಸಲ ನೋಡಲು ಹೋಗಿದ್ದರಂತೆ. ಆಗಲೇ ಜನ ಮನೆಗಳನ್ನು ಬಿಚ್ಚುತ್ತಿದ್ದರು. ತೊಲೆ, ಜಂತಿ, ಬಾಗಿಲು ಎಲ್ಲವನ್ನೂ ಕಿತ್ತು ಬಂಡಿಗೆ ಹೇರುತ್ತಿದ್ದರು. ಹೊರಡುವಾಗ ಅವರ ತಾಯಿ ಅಂಗಳದಲ್ಲೇ ಮಗಳನ್ನು ನಿಲ್ಲಿಸಿ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನ ಕೊಂಬು, ಒಂದು ಕೆಂಪು ಖಣ.

ನಮ್ಮ ಕಡೆ ಒಂದು ಪದ್ಧತಿ ಇದೆ. ತವರಿನಲ್ಲಿ ಉಡಿ ತುಂಬಿಸಿಕೊಂಡ ಮಗಳು ಹೊಸ್ತಿಲು ದಾಟುವ ಮೊದಲು ಅದರಲ್ಲಿ ಒಂದು ಚಿಟಿಕೆ ಅಕ್ಕಿ ತೆಗೆದು ದೇವರ ಜಗಲಿಗೆ ಹಾಕಬೇಕು. ಎಲ್ಲವನ್ನೂ ಬಾಚಿಕೊಂಡು ಹೋದರೆ ತವರು ಬರಿದಾಗುತ್ತದೆ ಎಂಬ ಅಳುಕು. ಆ ದಿನ ಅತ್ತೆ ಹಾಕಲಿಲ್ಲ. ಹಾಕಲು ಜಗಲಿ ಇರಲಿಲ್ಲ, ದೇವರನ್ನು ಅದಾಗಲೇ ಗೋಣಿಯಲ್ಲಿ ಕಟ್ಟಿದ್ದರು. ದಾಟಲು ಹೊಸ್ತಿಲೂ ಇರಲಿಲ್ಲ, ಅದು ಬಂಡಿಯ ಮೇಲಿತ್ತು. ಬಸ್ಸಿನಲ್ಲಿ ಗದ್ವಾಲದವರೆಗೆ ಬಂದ ಮೇಲೆ ಅವರಿಗೆ ನೆನಪಾಯಿತು. ವಾಪಸು ಹೋಗೋಣವೆಂದರೆ ಮಾವ, "ಮುಂದಿನ ಸಲ ಹಾಕಿದ್ರಾತು ಬಿಡು" ಅಂದರಂತೆ. ಮುಂದಿನ ಸಲ ಎಂಬುದು ಬರಲಿಲ್ಲ. ನೀರು ಬಂತು. ಬೇರೆ ಊರಿನಲ್ಲಿ ಸೂರು ಹಿಡಿದ ತಾಯಿ ತಂದೆ ಎರಡು ವರ್ಷವೂ ಬಾಳಲಿಲ್ಲ, ಇದ್ದೊಬ್ಬ ಅಣ್ಣನೂ ಅವರ ಹಿಂದೆಯೇ ಹೋದ.

"ನಾನs ಎಲ್ಲಾ ಉಡ್ಯಾಗ ಕಟ್ಕೊಂಡ್ ಬಂದ್ಬಿಟ್ಟೆ, ಪಾರವ್ವಾ" ಎಂದು ಅತ್ತೆ ನನಗೆ ಮೊದಲ ಸಲ ಹೇಳಿದಾಗ ನಾನು ಹೊಸ ಸೊಸೆ. ನಗಬೇಕೋ ಅಳಬೇಕೋ ತಿಳಿಯದೆ ಹೆರಳು ಹಾಕಿಕೊಳ್ಳುತ್ತ ಕೂತಿದ್ದೆ.

ನನಗೆ ಇದೆಲ್ಲ ತಿಳಿಯುವುದು ಕಷ್ಟವಿತ್ತು. ನನ್ನ ತವರು ನಾರಾಯಣಪೇಟೆ; ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬಂದುಬಿಡುತ್ತದೆ. ಸಂಕಟವಾದರೂ ಹೋಗುತ್ತಿದ್ದೆ, ಸಂತೋಷವಾದರೂ ಹೋಗುತ್ತಿದ್ದೆ, ಗಂಡನ ಮೇಲೆ ಸಿಟ್ಟು ಬಂದರಂತೂ ಮಧ್ಯಾಹ್ನದ ಬಸ್ಸಿಗೇ ಹೋಗುತ್ತಿದ್ದೆ. ಹೋದಾಗೆಲ್ಲ ನಮ್ಮ ವೈನಿ, ಅಣ್ಣನ ಹೆಂಡತಿ, ಉಡಿ ತುಂಬುತ್ತಿದ್ದಳು. ಹೀಗೆ ಬಂದ ಖಣಗಳನ್ನು ಹೊಲಿಸಿದ್ದರೆ ಮಕ್ತಲದ ಹೆಂಗಸರಿಗೆಲ್ಲ ಕುಪ್ಪಸ ಆಗುತ್ತಿತ್ತು. ಆದರೆ ಖಣವನ್ನು ಯಾರು ಹೊಲಿಸುತ್ತಾರೆ ಹೇಳಿ? ನಾವು ಅವರಿಗೆ, ಅವರು ಇನ್ನೊಬ್ಬರಿಗೆ. ಕೋಸಗಿಯ ಒಂದು ಮದುವೆಯಲ್ಲಿ ನಾನು ಕೈಬಿಟ್ಟ ಹಸಿರು ಖಣ ಸೀಮೆಯೆಲ್ಲ ಸುತ್ತಿ ಕೆಲವು ವರ್ಷದ ಮೇಲೆ ನನ್ನ ಉಡಿಗೇ ಬಂದು ಬಿತ್ತು. ಮೂಲೆಯಲ್ಲಿದ್ದ ಮಸಿಯ ಕಲೆ ನೋಡಿ ಗುರುತು ಹಿಡಿದೆ. ಕೊಟ್ಟವರು ಎದುರಿಗೇ ನಗುತ್ತ ನಿಂತಿದ್ದರು, ನಾನೂ ನಕ್ಕೆ.

ಅತ್ತೆಯ ಆ ಕೆಂಪು ಖಣ ಮಾತ್ರ ಎಲ್ಲೂ ಹೋಗಲಿಲ್ಲ. ಅದರಲ್ಲಿ ಅವರು ಒಂದು ಹಿಡಿ ಅಕ್ಕಿ ಕಟ್ಟಿಟ್ಟಿದ್ದರು. ಮೊದಲಿನ ಅಕ್ಕಿಗೆ ಎಂದೋ ನುಸಿ ಹತ್ತಿತ್ತು. ಪ್ರತಿ ನಾಗರಪಂಚಮಿಗೆ, ಊರ ಹೆಣ್ಣುಮಕ್ಕಳೆಲ್ಲ ಜೋಕಾಲಿ ಜೀಕಲು ತವರಿಗೆ ಹೊರಡುವ ಹೊತ್ತಿಗೆ, ಅವರು ಗಂಟು ಬಿಚ್ಚಿ ಹಳೇ ಅಕ್ಕಿ ಗುಬ್ಬಿಗೆ ಹಾಕಿ, ಹೊಸ ಅಕ್ಕಿ ಕಟ್ಟುತ್ತಿದ್ದರು. ದೋಣಿಯಲ್ಲಿ ಹೋಗಿ, ಬಿಲ್ವಾಪುರದ ಮೇಲೆ ನಿಂತು, ಆ ಅಕ್ಕಿಯಲ್ಲಿ ಒಂದು ಚಿಟಿಕೆ ನೀರಿಗೆ ಬಿಟ್ಟು ಬರಬೇಕು. ಅವರಿಗೆ ಬೇಕಾದದ್ದು ಇಷ್ಟೇ. ಗುಡ್ಡ, ಕಾಡು, ಗಾಳಿ ಇವೆಲ್ಲ ನನ್ನಂಥವರ ಆಸೆ. ದೋಣಿಯ ಮೂತಿಯ ಹತ್ತಿರ ಸೆರಗು ಹಾರಿಸುತ್ತ ನಿಲ್ಲಬೇಕೆಂದು ನಾನು ನಾರಾಯಣಪೇಟೆ ಸೀರೆಯೊಂದನ್ನು ಬೇರೆ ಎತ್ತಿಟ್ಟಿದ್ದೆ, ಬಸ್ಸಿನಲ್ಲೇ ಹೊಟ್ಟೆ ತೊಳಸುವ ನಾನು!

ಹೊರಡುವುದಕ್ಕೆ ಮೊದಲ ಅಡ್ಡಿ ಎದುರು ಮನೆಯ ನೀಲಮ್ಮಕ್ಕ. ನಮ್ಮ ಓಣಿಯ ಮಡಿ, ಮೈಲಿಗೆ, ಮುಹೂರ್ತಗಳೆಲ್ಲ ಅವರ ನಾಲಗೆಯ ತುದಿಯಲ್ಲಿದ್ದವು. ಬಸವಣ್ಣನ ಗುಡಿಗೆ ಹೋಗುವಷ್ಟೇ ಸಲೀಸಾಗಿ ಬೇರೆಯವರ ಅಡುಗೆಮನೆಗೂ ಬರುತ್ತಿದ್ದರು.

"ಸೋಮವಾರ ಮೂಡಲಿಗೆ ಹೋಗಬಾರದು. ಶನಿವಾರನೂ ಬ್ಯಾಡ."

"ಗುರುವಾರ ಹೋಗ್ತೀವ್ರಿ" ಅನ್ನುತ್ತಿದ್ದೆ ನಾನು.

"ಸೋಮಶಿಲಾ ತೆಂಕಲಿಗೂ ಬರತೈತಿ. ಗುರುವಾರ ತೆಂಕಲು ಆಗೂದಿಲ್ಲ."

ಉಳಿದ ದಿನಗಳಲ್ಲಿ ಅಮಾವಾಸ್ಯೆ, ಗ್ರಹಣ, ಯಾರದೋ ಸೂತಕ, ಮಾವನ ಮದುವೆ ಸೀಜನ್ನು. ಮದುವೆ ಸೀಜನ್ನು ಮುಗಿದರೆ ಮಾವನಿಗೆ ನೀರಿನ ಭಯ ಶುರುವಾಗುತ್ತಿತ್ತು. ಅವರು ಹೆಂಡತಿಯನ್ನು ಸಮಾಧಾನ ಮಾಡಲು ಒಮ್ಮೆ ನಮ್ಮನ್ನೆಲ್ಲ ಗದ್ವಾಲದ ಹತ್ತಿರ ಜುರಾಲಾ ಅಣೆಕಟ್ಟೆಗೆ ಕರೆದೊಯ್ದರು. "ಇದೂ ಕೃಷ್ಣಾನೇ. ಇಲ್ಲೇ ನೋಡು, ಸಾಕು" ಎಂಬ ಹಂಚಿಕೆ. ಅಲ್ಲಿ ಸಾಲಾಗಿ ಮೀನು ಹುರಿಯುವ ಅಂಗಡಿಗಳು. ಹುಟ್ಟಿದಾಗಿಂದ ಲಿಂಗ ಕಟ್ಟಿಕೊಂಡ ಮಾವ ಒಂದು ಕೈಯಲ್ಲಿ ಧೋತರದ ಚುಂಗು ಮೂಗಿಗೆ ಹಿಡಿದು, ಇನ್ನೊಂದು ಕೈಯಲ್ಲಿ ಕಟ್ಟೆಯ ಕಂಬಿ ಹಿಡಿದು, ಕಣ್ಣು ಮುಚ್ಚಿಕೊಂಡು ನೀರು ನೋಡಿದರು. ಅತ್ತೆ ಬಹಳ ಹೊತ್ತು ಬಗ್ಗಿ ನೋಡಿ, "ನೀರು ಚೊಲೊ ಅದಾವು. ಆದ್ರ ಇವು ನಮ್ಮೂರ ಮ್ಯಾಲಿನವು ಅಲ್ಲ" ಅಂದರು. ಮಾವನಿಗೆ ಆ ಮಾತು ನಾಟಿರಬೇಕು. ಮರುವಾರವೇ ಹೆದ್ದಾರಿಯ ಪಂಚರ್ ಅಂಗಡಿಯಿಂದ ಈ ಟ್ಯೂಬು ಹೊತ್ತು ತಂದರು.

"ದೋಣ್ಯಾಗ ಜಾಕೀಟು ಕೊಡ್ತಾರಂತಲ್ರಿ" ಎಂದೆ ನಾನು.

"ಬಟ್ಟಿ ಜಾಕೀಟು ನಂಬಾಕ ಬರತೈತೇನವ್ವ? ಇದು ಹತ್ತು ಟನ್ ಹೊರೋ ಸಾಮಾನು."

ದೊಡ್ಡ ಹಂಡೆಯಲ್ಲಿ ನೀರು ತುಂಬಿ, ಟ್ಯೂಬನ್ನು ತಿರುಗಿಸಿ ತಿರುಗಿಸಿ ಮುಳುಗಿಸಿ ಗುಳ್ಳೆ ಬರುತ್ತದೆಯೇ ಎಂದು ಪರೀಕ್ಷಿಸಿದರು. ಅತ್ತೆ ಬಾಗಿಲಿಗೆ ಒರಗಿ ಬಿದ್ದು ಬಿದ್ದು ನಕ್ಕರು. "ನನಗ ಈಜು ಬರತೈತ್ರಿ" ಅಂದರು.

"ನಿನಗಲ್ಲ ಶರಣೀ, ಇದು ನನಗ. ನೀ ಈಜಿ ಹೋಗಿ ತವರು ಸೇರಿದ್ರ ನಾ ಹಿಂದ ಬರಬೇಕಲ್ಲ" ಅಂದರು ಮಾವ.

ಆ ಸಲ ದಿನ ಗಟ್ಟಿಯಾಯಿತು. ನೀಲಮ್ಮಕ್ಕ ಒಪ್ಪಿದ ಬುಧವಾರ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರನ್ನದ ಬುತ್ತಿ ಕಟ್ಟಿ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋದರೆ ಒಂದು ಬಸ್ಸೂ ಇಲ್ಲ. ತೆಲಂಗಾಣ ಬೇಕೆಂದು ಬಂದ್. ಹೆದ್ದಾರಿಯ ನಡುವೆ ಕಲ್ಲಿನ ಒಲೆ ಹೂಡಿ ಅಡುಗೆ ಮಾಡುತ್ತಿದ್ದರು, ಹಾಡು ಹೇಳುತ್ತಿದ್ದರು. ಹಂಡೆಗಳೆಲ್ಲ ನಮ್ಮ ಅಂಗಡಿಯವೇ. ಮಾವ ಹಿಂದಿನ ಸಂಜೆ ತಾವೇ ಕೊಟ್ಟಿದ್ದರಂತೆ, ಯಾವ ದಿನಕ್ಕೆಂದು ಕೇಳಿರಲಿಲ್ಲ! ಇನ್ನು ಮನೆಗೆ ಹೋಗಿ ಮಾಡುವುದೇನು? ನಾವೂ ರಸ್ತೆಯಲ್ಲಿ ಕೂತೆವು. ದೋಣಿಯ ಬುತ್ತಿ ಮಕ್ತಲದ ಡಾಂಬರಿನ ಮೇಲೆ ಬಿಚ್ಚಿಕೊಂಡಿತು. ಕಾಲೇಜಿನ ಹುಡುಗಿಯರು ಅತ್ತೆಯ ಹಿಂಡಿಗೆ ಕೈಯೊಡ್ಡಿ ಸಾಲು ನಿಂತರು. ಮಾವ ಟ್ಯೂಬನ್ನು ನೆಲಕ್ಕೆ ಹಾಕಿ ಅದರ ಮೇಲೆ ಕೂತು ಉಂಡರು. ನಮ್ಮ ದೋಣಿ ಪ್ರಯಾಣದಲ್ಲಿ ನಿಜವಾಗಿ ನಡೆದ ಊಟ ಅದೊಂದೇ.

ಮುಂದೆ ಬಸ್ಸುಗಳು ವಾರಗಟ್ಟಲೆ ನಿಂತವು, ಮತ್ತೆ ಓಡಿದವು, ಮತ್ತೆ ನಿಂತವು. ಕಡೆಗೆ ತೆಲಂಗಾಣ ಬಂತು. ಓಣಿಯಲ್ಲಿ ಪಟಾಕಿ ಹೊಡೆದರು, ಅತ್ತೆ ಎಲ್ಲರ ಬಾಯಿಗೂ ಸಕ್ಕರೆ ಹಾಕಿದರು. ಮಾವ ಪೇಪರಿನಲ್ಲಿ ಬಂದ ನಕ್ಷೆಯನ್ನು ನೆಲದ ಮೇಲೆ ಹರಡಿ ಕನ್ನಡಕ ಏರಿಸಿ ನೋಡಿದರು. ಎರಡು ರಾಜ್ಯಗಳ ನಡುವಿನ ಹೊಸ ಗೆರೆ ನೀರಿನ ನಡುವೆ ಹಾದುಹೋಗಿತ್ತು.

"ಶರಣೀ, ನಿನ್ನ ತವರು ಈಗ ಯಾವ ಕಡಿ ಬಂತು? ಈ ಕಡಿಗೋ, ಆಂಧ್ರದ ಕಡಿಗೋ?"

"ಅದು ಮೊದಲs ನೀರಿನ ಕಡಿ ಹೋಗೈತಿ" ಎಂದು ಅತ್ತೆ ಪಟಾಕಿಯ ಕಾಗದ ಗುಡಿಸಲು ಎದ್ದರು.

ಆ ಚಳಿಗಾಲ ಮಾವ ತೀರಿಕೊಂಡರು. ಅಂಗಡಿಯಲ್ಲಿ ಕೊಳಗ ಎಣಿಸಿ ಕೊಡುತ್ತಿದ್ದವರು ಎದೆ ಹಿಡಿದುಕೊಂಡು ಕೂತರು, ಏಳಲಿಲ್ಲ. ಊರಿನ ಮದುವೆಗಳಿಗೆಲ್ಲ ಹಂಡೆ ಕೊಟ್ಟವರ ತಿಥಿಯ ಅಡುಗೆಗೂ ಅವೇ ಹಂಡೆಗಳು ಒಲೆಗೇರಿದವು. ಅತ್ತೆಯ ಹಸಿರು ಬಳೆ ತೆಗೆಸಿದವರು ನೀಲಮ್ಮಕ್ಕ. ತೆಗೆಸುವಾಗ ಅವರು ಅತ್ತದ್ದೂ ನಿಜ, ಒಂದು ಬಳೆಯನ್ನೂ ಬಿಡದೆ ತೆಗೆಸಿದ್ದೂ ನಿಜ. ಇನ್ನು ಶರಣಮ್ಮನಿಗೆ ಯಾರೂ ಉಡಿ ತುಂಬುವಂತಿಲ್ಲ ಎಂದು ಹೆಂಗಸರಿಗೆಲ್ಲ ನೆನಪು ಮಾಡಿದವರೂ ಅವರೇ. ಗಂಡನಿಲ್ಲದವರಿಗೆ ಉಡಿ ಇಲ್ಲ, ಪದ್ಧತಿ.

ಅತ್ತೆ ದೋಣಿಯ ಮಾತು ನಿಲ್ಲಿಸಿದರು. ಟ್ಯೂಬು ಅಟ್ಟಕ್ಕೆ ಹೋಯಿತು. ನಾನೇ ತಡೆಯಲಾರದೆ ಒಂದು ದಿನ ಕೇಳಿದೆ.

"ಅತ್ತಿ, ಹೋಗಿ ಬರೂಣಲ್ರಿ? ಉಡಿ ತುಂಬಿಸ್ಕೊಳ್ಳಾಕ ಅಲ್ಲ, ಹಾಕಿ ಬರಾಕ."

ಅವರು ಹಸನು ಮಾಡುತ್ತಿದ್ದ ಜೋಳದಿಂದ ಒಂದು ಕಲ್ಲು ಆರಿಸಿ ಎಸೆದರು. "ಹೌದು, ಕೊಡಾಕ ಯಾರ ಅಡ್ಡಿ ಐತಿ?" ಅಂದರು. "ವರ್ಷಾಂತಿಕ ಆಗಲಿ."

ವರ್ಷಾಂತಿಕ ಆಯಿತು, ಮತ್ತೊಂದು ವರ್ಷವೂ ಆಯಿತು. ಕಡೆಗೆ ನಮ್ಮವರಿಗೆ ರಜೆ ಸಿಕ್ಕಿದ್ದು ಬೇಸಿಗೆಯಲ್ಲಿ. ನೋಡಿ, ಒಣನೆಲದವರ ಬುದ್ಧಿ ಎಂದರೆ ಇದು. ದೋಣಿ ಎಂದರೆ ನೀರಿರುತ್ತದೆ ಎಂದುಕೊಂಡೆವು. ನೀರು ಬರುತ್ತದೆ, ಹೋಗುತ್ತದೆ ಎಂಬುದು ನಮ್ಮ ತಲೆಗೆ ಹೊಳೆಯಲೇ ಇಲ್ಲ. ಹೊಳೆಯ ಮಗಳಾದ ಅತ್ತೆಗೂ ಹೊಳೆಯಲಿಲ್ಲವೇ, ಹೊಳೆದೂ ಸುಮ್ಮನಿದ್ದರೇ, ನನಗೆ ಇವತ್ತಿಗೂ ಗೊತ್ತಿಲ್ಲ. ಬಹುಶಃ ಒಂದು ಸಲ ಕಟ್ಟಿದ ನೀರು ಎಂದಿಗೂ ಇಳಿಯುವುದಿಲ್ಲ ಎಂದೇ ಅವರು ನಂಬಿದ್ದರು. ಮಾವನ ನೆನಪಿಗೆ ಟ್ಯೂಬನ್ನೂ ತೆಗೆದುಕೊಂಡೆವು. ಗಾಳಿ ತುಂಬಿಸಿದ ಟ್ಯೂಬನ್ನು ಬಸ್ಸಿನೊಳಗೆ ಬಿಡುವುದಿಲ್ಲ ಎಂದು ಕಂಡಕ್ಟರು ಜಗಳ ತೆಗೆದ. ಮೇಲೆ ಕಟ್ಟಿದೆವು.

ಘಾಟಿನಲ್ಲಿ ದೋಣಿ ಕೆಸರಿನಲ್ಲಿ ವಾಲಿ ಕೂತಿತ್ತು. ಅದರ ನೆರಳಿನಲ್ಲಿ ಮಲಗಿದ್ದ ದೋಣಿಯವನು ಎದ್ದು ನಮ್ಮನ್ನೂ ಟ್ಯೂಬನ್ನೂ ನೋಡಿ, "ನೀಳ್ಳು ಲೇವಮ್ಮಾ, ವಾನಲು ಪಡ್ಡಾಕ ರಂಡಿ" ಅಂದ. ನೀರಿಲ್ಲ, ಮಳೆ ಬಿದ್ದ ಮೇಲೆ ಬನ್ನಿ. ದೊಡ್ಡ ನೀರು ನಡುವಿನ ಪಾತ್ರಕ್ಕೆ ಇಳಿದು ಸಣ್ಣ ಹೊಳೆಯಾಗಿತ್ತು. ನಮ್ಮವರು ತೆಲುಗಿನಲ್ಲಿ ಬಿಲ್ವಾಪುರ ಎಲ್ಲಿ ಬರುತ್ತದೆ ಎಂದು ವಿಚಾರಿಸಿದರು. ಅವನು ಬಹಳ ದೂರ ಮೇಲಕ್ಕೆ ಕೈ ತೋರಿಸಿ, ಆಟೋ ಮಾಡಿಕೊಂಡು ದಂಡೆಗುಂಟ ಹೋಗಿ, ಈಗ ಕಾಣುತ್ತದೆ ಅಂದ.

ಈಗ ಕಾಣುತ್ತದೆ! ನನಗೆ ಎಷ್ಟು ಸಂತೋಷವಾಯಿತೆಂದರೆ ಅತ್ತೆಯ ಮುಖ ನೋಡುವುದನ್ನೇ ಮರೆತೆ. ಆಟೋ ಬಿಟ್ಟ ಮೇಲೆ ಬಿರುಕು ಬಿಟ್ಟ ಕೆಸರಿನ ಮೇಲೆ ನಡೆದೆವು. ನಮ್ಮವರ ಹೆಗಲ ಮೇಲೆ ಟ್ಯೂಬು, ನನ್ನ ಮೈಮೇಲೆ ದೋಣಿಗೆಂದು ಎತ್ತಿಟ್ಟ ಸೀರೆ. ಕುರಿ ಮೇಯಿಸುತ್ತಿದ್ದ ಒಬ್ಬ ಮುದುಕ ನಮ್ಮ ಮಾತು ಕೇಳಿ ಕನ್ನಡದಲ್ಲೇ, "ಬಿಲ್ವಾಪುರ ಏನ್ರಿ? ಅಗಾ, ಅಲ್ಲಿ. ಮಧ್ಯಾಹ್ನ ನಮ್ಮ ಕುರಿ ಅಲ್ಲೇ ಮಲಗ್ತಾವು" ಅಂದ.

ಮೊಣಕಾಲೆತ್ತರದ ಗೋಡೆಗಳು, ಸಾಲಿಗೆ ಸಾಲು. ಕೆಸರು ತುಂಬಿದ ಬಾವಿ. ಮೇಲೆ ಏನೂ ಇಲ್ಲ. ಅತ್ತೆ ಯಾರನ್ನೂ ಕೇಳದೆ ಸೀದಾ ನಡೆದು ಒಂದು ಕಡೆ ನಿಂತರು. ಬಾಗಿಲು ಕಿತ್ತ ಜಾಗದಲ್ಲಿ ಎರಡು ಕಲ್ಲು ಮಾತ್ರ ಇದ್ದವು. ಒಳಗೆ ಕುರಿಗಳು ಗೋಡೆಗೆ ಒತ್ತಿ ಮಲಗಿದ್ದವು, ನೆಲವೆಲ್ಲ ಹಿಕ್ಕೆ. ಅವರು ಒಳಗೆ ಕಾಲಿಡಲಿಲ್ಲ.

"ಹಾಕು ಯವ್ವಾ" ಅಂದರು ನಮ್ಮವರು ಮೆತ್ತಗೆ. "ಅಕ್ಕಿ ಹಾಕು."

"ಯಾರಿಗೆ ಹಾಕಲೋ?" ಅತ್ತೆಯ ದನಿ ನಾನು ಎಂದೂ ಕೇಳಿರದ ದನಿಯಾಗಿತ್ತು. "ಇಲ್ಲಿ ಯಾರದಾರ? ದೋಣಿ ದೋಣಿ ಅಂತ ಯಾಕ ಬಡ್ಕೊಂಡೆ, ನಿಮಗ ತಿಳೀಲಿಲ್ಲ. ನೀರು ಇದ್ರ ಕೆಳಗ ಎಲ್ಲಾ ಇದ್ದಂಗs ಇರತೈತಿ. ನಮ್ಮವ್ವ ರೊಟ್ಟಿ ಬಡೀತಿರತಾಳ, ಅಪ್ಪ ಪಡಸಾಲ್ಯಾಗ ಕುಂತಿರತಾನ. ಮ್ಯಾಲಿಂದ ಒಂದು ಚಿಟಿಕಿ ಬಿಟ್ಟು, ಸುಮ್ನ ಹೋಗಿಬಿಡ್ತಿದ್ದೆ."

ನಾನು ಅವರ ಕೈ ಹಿಡಿದೆ. ಅತ್ತೆ ಸೊಸೆ ಕೈ ಹಿಡಿದುಕೊಂಡು ನಿಲ್ಲುವುದು ನಮ್ಮ ಮನೆಗಳಲ್ಲಿ ರೂಢಿಯಲ್ಲ. ಆ ಕೈ ಬಿಸಿಲಿನಲ್ಲೂ ತಣ್ಣಗಿತ್ತು. ಅವರನ್ನು ಇಲ್ಲಿಗೆ ಕರೆತರಬಾರದಿತ್ತು. ಅಕ್ಕಿಯ ಗಂಟು ಹಾಗೆಯೇ ವಾಪಸು ಬಂತು. ಬಸ್ಸಿನಲ್ಲಿ ಅವರು ಒಂದೇ ಮಾತು ಆಡಿದ್ದು: "ಮಳಿ ಬರಲಿ."

ಮಳೆ ಬಂತು. ಮೇಲಿನ ಕಟ್ಟೆಗಳೆಲ್ಲ ತುಂಬಿ, ಜುರಾಲಾ ಬಾಗಿಲು ತೆಗೆದು, ಶ್ರೀಶೈಲವೂ ತುಂಬುತ್ತಿದೆ ಎಂದು ಟೀವಿಯಲ್ಲಿ ದಿನವೂ ತೋರಿಸುತ್ತಿದ್ದರು. ಅತ್ತೆ ಧಾರಾವಾಹಿ ಬಿಟ್ಟು ನೀರಿನ ಸುದ್ದಿ ನೋಡುತ್ತಿದ್ದರು. ಒಂದು ಸಂಜೆ, "ಈಗ ನಮ್ಮೂರು ಮುಚ್ಚಿತು ನೋಡು, ಪಾರವ್ವಾ. ಚೊಲೊ ಆತು" ಎಂದು ಹಗುರಾಗಿ ಉಸಿರುಬಿಟ್ಟರು. ಪಂಚಮಿ ಮುಗಿದ ಬುಧವಾರಕ್ಕೆ ದೋಣಿ ಎಂದು ನಮ್ಮವರು ಹೇಳಿ ಬಂದರು. ಅತ್ತೆ ಗಂಟು ಬಿಚ್ಚಿ ಹೊಸ ಅಕ್ಕಿ ಕಟ್ಟಿದರು. ಪಂಚಮಿಗೆ ಇನ್ನೂ ನಾಲ್ಕು ದಿನವಿರುವಾಗ, ಬೆಳಿಗ್ಗೆ ಉಂಡೆಗೆಂದು ಹಿಟ್ಟು ಜರಡಿ ಹಿಡಿಯುತ್ತಿದ್ದವರು ಗೋಡೆಗೆ ಒರಗಿದರು. ನಾನು ಕರೆದೆ. ಜರಡಿ ಕೈಯಲ್ಲೇ ಇತ್ತು.

ಅಳುವುದಕ್ಕಿಂತ ಮೊದಲು ನನಗೆ ಬಂದದ್ದು ಸಿಟ್ಟು. ಒಂದು ವಾರ ಕಾಯಬಾರದಿತ್ತೇ? ಯಾರ ಮೇಲೆ ಸಿಟ್ಟೋ ತಿಳಿಯದೆ ಚೆಲ್ಲಿದ ಹಿಟ್ಟನ್ನು ಬಳಿದೆ.

ಮಣ್ಣಿಗೆ ಒಯ್ಯುವ ಮೊದಲು ಮೈ ತೊಳೆದು ಸೀರೆ ಉಡಿಸಿದ್ದೆವು. ನಾನು ಒಳಗೆ ಹೋಗಿ ಟ್ರಂಕಿನಿಂದ ಆ ಕೆಂಪು ಖಣ ತಂದು, ಅದರ ಅಕ್ಕಿಯನ್ನು ಅತ್ತೆಯ ಸೆರಗಿಗೆ ಸುರಿದು ಗಂಟು ಹಾಕತೊಡಗಿದೆ. ಹೆಂಗಸರಲ್ಲಿ ಗುಸುಗುಸು ಎದ್ದಿತು. ನೀಲಮ್ಮಕ್ಕ ಮುಂದೆ ಬಂದು ನನ್ನ ಕೈ ಹಿಡಿದರು.

"ಏನ್ ಮಾಡಾಕತ್ತಿ ಪಾರವ್ವ? ಗಂಡ ಇಲ್ಲದಾಕಿಗೆ ಉಡಿ ತುಂಬಬಾರದು."

"ಉಡಿ ತುಂಬಾಕತ್ತಿಲ್ರಿ, ಯಕ್ಕಾ. ತವರಿಗೆ ಹೊಂಟಾರ. ಹಿಂದಕ್ಕ ಕೊಡೂದು ಒಂದು ಚಿಟಿಕಿ ಅಕ್ಕಿ ಉಳದೈತಿ. ಅವರದು ಅವರ ಕೈಗೆ ಕೊಡಾಕತ್ತೀನಿ."

ನೀಲಮ್ಮಕ್ಕ ನನ್ನನ್ನು ನೋಡಿದರು, ಅತ್ತೆಯ ಮುಖ ನೋಡಿದರು. ನಾನು ಕಟ್ಟಿದ ಗಂಟು ಸಡಿಲವಾಗಿತ್ತು. ಅವರು ನನ್ನ ಕೈ ಸರಿಸಿ, ಮೊಣಕಾಲೂರಿ ಕೂತು, ಆ ಗಂಟನ್ನು ಬಿಚ್ಚಿ ಮತ್ತೆ ಬಿಗಿಯಾಗಿ ಕಟ್ಟಿದರು.

"ಗಟ್ಟಿ ಕಟ್ಟಬೇಕವ್ವ" ಅಂದರು. "ದಾರ್ಯಾಗ ಚೆಲ್ತಾವು."